ಗಾರ್ಬೇಜ್ ಕಲೆಕ್ಟರ್ ಸಂಶೋಧನೆ: ನಾನು ಅಳೆಯುವ ಕ್ರಮ

ಜಾವಾ ವರ್ಚುವಲ್ ಮಷೀನ್‌ಗೆ ಹೊಸ ಗಾರ್ಬೇಜ್ ಕಲೆಕ್ಟರ್ ಕಟ್ಟುವುದು ನನ್ನ ಪಿಎಚ್‌ಡಿಯ ವಿಷಯ. ಪ್ರೋಗ್ರಾಂಗೆ ಇನ್ನು ಬೇಡವಾದ ಆಬ್ಜೆಕ್ಟ್‌ಗಳ ಮೆಮೊರಿಯನ್ನು ತಾನಾಗಿ ಮರಳಿ ಪಡೆಯುವ ಭಾಗ ಅದು; ಆ ಕೆಲಸವನ್ನು ಚಿಕ್ಕದಾಗಿ ಜಿಸಿ ಎನ್ನುತ್ತೇವೆ. ಜಾವಾದ ಮುಕ್ತ ಆವೃತ್ತಿಯಾದ ಓಪನ್‌ಜೆಡಿಕೆಯ ವರ್ಚುವಲ್ ಮಷೀನ್ ಹಾಟ್‌ಸ್ಪಾಟ್‌ಗೆ, ಕಲೆಕ್ಟರ್ ಕಟ್ಟುವ ಸಲಕರಣೆಗಳ ಗುಚ್ಛವಾದ ಎಂಎಂಟಿಕೆ ಜೋಡಿಸಿಕೊಂಡು ಕೆಲಸ ಮಾಡುತ್ತೇನೆ. ಎಂಎಂಟಿಕೆ ಮೊದಲು ಜೈಕ್ಸ್ ಆರ್‌ವಿಎಂ ಎಂಬ ಸಂಶೋಧನಾ ವರ್ಚುವಲ್ ಮಷೀನ್ ಜೊತೆಗೆ ಬೆಳೆದದ್ದು, ಈಗ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಲಾಗಿದೆ. ಹೊಸ ಆಲ್ಗಾರಿದಂ ಬರೆಯುವುದಕ್ಕಿಂತ ಅದು ಹಳೆಯದಕ್ಕಿಂತ ಮೇಲು ಎಂದು ಸಾಬೀತು ಮಾಡುವುದೇ ಇಲ್ಲಿ ಹೆಚ್ಚು ಶ್ರಮ ಬೇಡುತ್ತದೆ. ‘ನಮ್ಮ ಕಲೆಕ್ಟರ್ ಶೇಕಡಾ ಇಷ್ಟು ವೇಗ’ ಎಂಬ ಒಂಟಿ ಸಂಖ್ಯೆಗೆ ಈ ಕ್ಷೇತ್ರದಲ್ಲಿ ಅರ್ಥವಿಲ್ಲ. ಎಷ್ಟು ಹೀಪ್ (ಆಬ್ಜೆಕ್ಟ್‌ಗಳಿಗೆ ಮೀಸಲಾದ ಮೆಮೊರಿ) ಕೊಟ್ಟಾಗ, ಎಷ್ಟು ಕೋರ್ ಬಳಸಿ ಎಂಬುದನ್ನೂ ಹೇಳಬೇಕು. ಹೀಪ್ ಧಾರಾಳವಾಗಿದ್ದರೆ ಎಂಥ ಕಲೆಕ್ಟರೂ ಚೆನ್ನಾಗಿಯೇ ಕಾಣುತ್ತದೆ.

ಹಾಗಾಗಿ ಮೊದಲ ಹೆಜ್ಜೆ ಕನಿಷ್ಠ ಹೀಪ್ ಹುಡುಕುವುದು. ನಾನು ಬಳಸುವುದು ಡಾಕಾಪೊ ಬೆಂಚ್‌ಮಾರ್ಕ್‌ಗಳನ್ನು, ಅಂದರೆ ಅಳತೆಗೆಂದೇ ಕೂಡಿಸಿದ ಜಾವಾ ಪ್ರೋಗ್ರಾಂಗಳನ್ನು. 2006ರಲ್ಲಿ ಬಂದ ಈ ಗುಚ್ಛದ 2023ರ ಶೋಪ್ಯಾನ್ ಆವೃತ್ತಿಯಲ್ಲಿ 22 ಪ್ರೋಗ್ರಾಂಗಳಿವೆ. ಪ್ರತಿಯೊಂದಕ್ಕೂ ಹೀಪ್‌ನ ಆರಂಭಿಕ ಮತ್ತು ಗರಿಷ್ಠ ಗಾತ್ರ ಹೇಳುವ ಎಕ್ಸ್‌ಎಂಎಸ್, ಎಕ್ಸ್‌ಎಂಎಕ್ಸ್ ಎರಡನ್ನೂ ಒಂದೇ ಗಾತ್ರಕ್ಕೆ ಕಟ್ಟಿ, ಓಡಿದರೆ ಅರ್ಧಕ್ಕೆ ಇಳಿಸಿ, ಔಟ್ ಆಫ್ ಮೆಮೊರಿ ಬಂದರೆ ನಡುವಿನ ಗಾತ್ರಕ್ಕೆ ಏರಿಸುತ್ತಾ ಬೈನರಿ ಸರ್ಚ್ ಮಾಡುತ್ತೇನೆ. ಒಮ್ಮೆ ಓಡಿತು ಎಂದರೆ ಸಾಲದು. ಥ್ರೆಡ್‌ಗಳ ಹೆಣಿಗೆ ಬದಲಾದಂತೆ ಜೀವಂತ ಆಬ್ಜೆಕ್ಟ್‌ಗಳ ಮೊತ್ತವೂ ಸ್ವಲ್ಪ ಏರಿಳಿಯುತ್ತದೆ. ಒಂದೇ ಗಾತ್ರದಲ್ಲಿ ಸತತ ಐದು ಸಲ ಮುಗಿದರೆ ಮಾತ್ರ ಒಪ್ಪಿಕೊಳ್ಳುತ್ತೇನೆ.

ಈ ಕನಿಷ್ಠವನ್ನು ಒಂದೇ ಕಲೆಕ್ಟರ್‌ನಿಂದ, ನನ್ನಲ್ಲಿ ಹಾಟ್‌ಸ್ಪಾಟ್‌ನ ಡೀಫಾಲ್ಟ್ ಕಲೆಕ್ಟರ್ ಜಿ1ರಿಂದ, ಪಡೆದು ಎಲ್ಲಕ್ಕೂ ಅದನ್ನೇ ಹಚ್ಚುತ್ತೇನೆ. ಪ್ರತಿ ಕಲೆಕ್ಟರ್‌ಗೂ ಅದರದ್ದೇ ಕನಿಷ್ಠ ತೆಗೆದು ‘ಎರಡು ಪಟ್ಟು’ ಕೊಟ್ಟರೆ, ಹೆಚ್ಚು ಮೆಮೊರಿ ತಿನ್ನುವ ಕಲೆಕ್ಟರ್‌ಗೆ ಹೆಚ್ಚುವರಿ ಮೆಮೊರಿ ಪುಕ್ಕಟೆಯಾಗಿ ಸಿಕ್ಕಂತಾಗುತ್ತದೆ. ಉದಾಹರಣೆಗೆ, ಹಾಟ್‌ಸ್ಪಾಟ್‌ನ ಇನ್ನೊಂದು ಕಲೆಕ್ಟರ್ ಝಡ್‌ಜಿಸಿ ಕಂಪ್ರೆಸ್ಡ್ ಪಾಯಿಂಟರ್ (64ರ ಬದಲು 32 ಬಿಟ್‌ನಲ್ಲಿ ಇಟ್ಟ ವಿಳಾಸ) ಬಳಸುವುದಿಲ್ಲ. ಅದೇ ಪ್ರೋಗ್ರಾಂಗೆ ಅದರ ಹೀಪ್ ದೊಡ್ಡದಿರಲೇಬೇಕು. ಆ ವೆಚ್ಚವೂ ಗ್ರಾಫ್‌ನಲ್ಲಿ ಕಾಣಬೇಕು. ಆಮೇಲೆ ಕನಿಷ್ಠದ 1.3, 1.5, 2, 3, 4, 6 ಪಟ್ಟುಗಳಲ್ಲಿ ಓಡಿಸಿ ವಕ್ರರೇಖೆ ಬಿಡಿಸುತ್ತೇನೆ. 1.3ರಲ್ಲಿ ಕೆಲವು ಕಲೆಕ್ಟರ್‌ಗಳು ಓಡುವುದೇ ಇಲ್ಲ. ಅಲ್ಲಿ ರೇಖೆಯನ್ನು ಖಾಲಿ ಬಿಡುವುದೇ ಸರಿ. ಓಡಿದ ಬೆಂಚ್‌ಮಾರ್ಕ್‌ಗಳದ್ದಷ್ಟೇ ಜಿಯೊಮೆಟ್ರಿಕ್ ಮೀನ್ ತೆಗೆದರೆ, ಕಷ್ಟದ ಪ್ರೋಗ್ರಾಂಗಳಲ್ಲಿ ಸೋತ ಕಲೆಕ್ಟರ್ ಸರಾಸರಿಯಲ್ಲಿ ಗೆದ್ದುಬಿಡುತ್ತದೆ.

ಸಮಯವನ್ನು ಎರಡು ಬಗೆಯಲ್ಲಿ ಅಳೆಯುತ್ತೇನೆ: ಗೋಡೆ ಗಡಿಯಾರದ ಸಮಯ, ಮತ್ತು ಎಲ್ಲ ಥ್ರೆಡ್‌ಗಳೂ ಸೇರಿ ಬಳಸಿದ ಸಿಪಿಯು ಸಮಯ. ಎರಡನೆಯದನ್ನು ಲಿನಕ್ಸ್‌ನ ‘ಪರ್ಫ್ ಸ್ಟ್ಯಾಟ್’ ಟಾಸ್ಕ್‌ಕ್ಲಾಕ್ ಎಂದು ಕೊಡುತ್ತದೆ. 16 ಕೋರ್‌ಗಳ ಯಂತ್ರದಲ್ಲಿ ಒಂದೆರಡು ಥ್ರೆಡ್‌ನ ಪ್ರೋಗ್ರಾಂ ಓಡುವಾಗ, ಅದರ ಜೊತೆಜೊತೆಗೇ ಕೆಲಸ ಮಾಡುವ ಕನ್‌ಕರೆಂಟ್ ಕಲೆಕ್ಟರ್ ಖಾಲಿ ಕೋರ್‌ಗಳಲ್ಲಿ ದುಡಿಯುತ್ತದೆ. ಗೋಡೆ ಗಡಿಯಾರಕ್ಕೆ ಅದು ಕಾಣದು. ಅದೇ ಯಂತ್ರದಲ್ಲಿ ಇನ್ನೂ ನಾಲ್ಕು ಪ್ರೋಗ್ರಾಂ ಓಡುವಾಗ ಆ ದುಡಿಮೆಯ ಬೆಲೆ ತೆರಬೇಕಾಗುತ್ತದೆ.

ಕಲೆಕ್ಟರ್‌ನ ಒಟ್ಟು ವೆಚ್ಚ ಎಷ್ಟು ಎಂಬುದು ಇನ್ನೂ ಕಠಿಣ ಪ್ರಶ್ನೆ, ಏಕೆಂದರೆ ಪ್ರೋಗ್ರಾಂ ರೆಫರೆನ್ಸ್ ಓದುವಾಗ, ಬರೆಯುವಾಗ ಕಲೆಕ್ಟರ್‌ಗಾಗಿ ಓಡುವ ಸಣ್ಣ ಕೋಡ್‌ಗಳಾದ ರೀಡ್ ಬ್ಯಾರಿಯರ್, ರೈಟ್ ಬ್ಯಾರಿಯರ್‌ಗಳ ಖರ್ಚು ಪ್ರೋಗ್ರಾಂನ ಸಮಯದೊಳಗೇ ಬೆರೆತಿರುತ್ತದೆ. ಹೋಲಿಸಿ ನೋಡಲು, ಏನನ್ನೂ ಸಂಗ್ರಹಿಸದ ಎಪ್ಸಿಲಾನ್ ಎಂಬ ಕಲೆಕ್ಟರ್ ಜೆಡಿಕೆ 11ರಿಂದ ಇದೆ. ಆದರೆ ಮುಗಿಯುವವರೆಗಿನ ಎಲ್ಲ ಆಬ್ಜೆಕ್ಟ್‌ಗಳಿಗೂ ಅದಕ್ಕೆ ಜಾಗ ಬೇಕು, ಬಹುತೇಕ ಬೆಂಚ್‌ಮಾರ್ಕ್‌ಗಳಿಗೆ ಅಷ್ಟು ರ‍್ಯಾಮ್ ಹೊಂದಿಸುವುದು ಕಷ್ಟ. ಬದಲಿಗೆ, ಪ್ರತಿ ಕಲೆಕ್ಟರ್‌ನ ಒಟ್ಟು ಸಮಯದಿಂದ ಸ್ಪಷ್ಟವಾಗಿ ಗುರುತಿಸಬಲ್ಲ ಜಿಸಿ ಸಮಯವನ್ನು ಕಳೆದು, ಎಲ್ಲದರಲ್ಲಿ ಅತಿ ಕಡಿಮೆ ಉಳಿದದ್ದನ್ನು ‘ಜಿಸಿ ಇಲ್ಲದ’ ಸಮಯದ ಅಂದಾಜು ಎಂದು ಹಿಡಿಯುತ್ತೇನೆ. ಇದು 2022ರಲ್ಲಿ ಪ್ರಕಟವಾದ ವಿಧಾನ. ಸಿಗುವುದು ನಿಜವಾದ ವೆಚ್ಚಕ್ಕಿಂತ ಕಡಿಮೆಯ ಅಂದಾಜು ಎಂದು ಬರೆದೇ ಬಳಸಬೇಕು.

ಲೇಟೆನ್ಸಿ (ಒಂದು ರಿಕ್ವೆಸ್ಟ್‌ಗೆ ಉತ್ತರ ಸಿಗಲು ಹಿಡಿಯುವ ಸಮಯ) ವಿಷಯದಲ್ಲಿ ಪಾಝ್ ಸಮಯವನ್ನು, ಅಂದರೆ ಜಿಸಿಗಾಗಿ ಪ್ರೋಗ್ರಾಂ ನಿಂತ ಸಮಯವನ್ನು, ಅಷ್ಟೇ ತೋರಿಸಿದರೆ ಓದುಗನಿಗೆ ಮೋಸ. ಪಾಝ್ ಒಂದು ಮಿಲಿಸೆಕೆಂಡ್‌ಗೂ ಕಡಿಮೆ ಇದ್ದು, ಹೀಪ್ ಸಾಲದೆ ಥ್ರೆಡ್‌ಗಳು ಅಲೊಕೇಶನ್‌ಗೆ (ಹೊಸ ಆಬ್ಜೆಕ್ಟ್‌ಗೆ ಜಾಗ ಸಿಗುವುದಕ್ಕೆ) ಕಾಯುತ್ತಾ ನಿಂತಿರಬಹುದು. ನಾನು ರಿಕ್ವೆಸ್ಟ್‌ಗಳ ಲೇಟೆನ್ಸಿಯನ್ನೇ ನೋಡುತ್ತೇನೆ. ಅದರಲ್ಲೂ ಡಾಕಾಪೊದ ‘ಮೀಟರ್ಡ್’ ಲೇಟೆನ್ಸಿ ಮುಖ್ಯ: ಒಂದು ರಿಕ್ವೆಸ್ಟ್ ಸಿಕ್ಕಿಹಾಕಿಕೊಂಡಾಗ ಅದರ ಹಿಂದೆ ನಿಂತವು ಸರತಿಯಲ್ಲಿ ಕಾದ ಸಮಯವೂ ಅದರಲ್ಲಿ ಸೇರುತ್ತದೆ.

ಇನ್ನು, ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಯಂತ್ರಭಾಷೆಗೆ ತರುವ ಜಿಟ್ ಕಂಪೈಲರ್‌ನ ವಾರ್ಮಪ್ (ವೇಗ ಹಿಡಿಯುವ ಹಂತ) ಬಗ್ಗೆ. ‘ಕೆಲವು ಇಟರೇಶನ್ (ಮರು ಓಟ) ಬಿಟ್ಟರೆ ಸ್ಥಿರವಾಗುತ್ತದೆ’ ಎಂಬ ನಂಬಿಕೆಯನ್ನು 2017ರ ಒಂದು ಅಧ್ಯಯನ ಅಲುಗಾಡಿಸಿತು. ಪ್ರತಿ ಪ್ರೊಸೆಸ್‌ನಲ್ಲಿ 2000 ಇಟರೇಶನ್ ಓಡಿಸಿ ನೋಡಿದಾಗ, ವರ್ಚುವಲ್ ಮಷೀನ್ ಮತ್ತು ಬೆಂಚ್‌ಮಾರ್ಕ್ ಜೋಡಿಗಳಲ್ಲಿ ಹೆಚ್ಚೆಂದರೆ ಶೇ. 43.5 ಮಾತ್ರ ಎಲ್ಲ ಸಲವೂ ಉತ್ತುಂಗ ವೇಗದ ಸ್ಥಿರ ಸ್ಥಿತಿಗೆ ತಲುಪಿದ್ದವು. ಆದ್ದರಿಂದ ಇಟರೇಶನ್ ಸಮಯಗಳನ್ನು ಮೊದಲು ಗ್ರಾಫ್ ಹಾಕಿ ಕಣ್ಣಾರೆ ನೋಡುತ್ತೇನೆ. ಸರಾಸರಿ ಮತ್ತು ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್ ತೆಗೆಯುವುದು ಹೊಸದಾಗಿ ಶುರುವಾದ ಪ್ರೊಸೆಸ್‌ಗಳ ನಡುವೆ, ಕನಿಷ್ಠ 20. ಒಂದೇ ಪ್ರೊಸೆಸ್‌ನ ಇಟರೇಶನ್‌ಗಳು ಪರಸ್ಪರ ಸ್ವತಂತ್ರವಲ್ಲ. ಯಾವ ಮೆಥಡ್ ಇನ್‌ಲೈನ್ ಆಯಿತು (ಕರೆಯುವ ಜಾಗದಲ್ಲೇ ಅದರ ಕೋಡ್ ಸೇರಿಕೊಂಡಿತು) ಎಂಬುದು ಆ ಪ್ರೊಸೆಸ್‌ನ ಎಲ್ಲ ಇಟರೇಶನ್‌ಗಳನ್ನೂ ಒಟ್ಟಿಗೇ ಎಳೆಯುತ್ತದೆ.

ಯಂತ್ರದ ಸಿದ್ಧತೆ ಬೇಗ ಮುಗಿಯುತ್ತದೆ: ಟರ್ಬೊ ಬೂಸ್ಟ್ ಆಫ್, ಸಿಪಿಯು ವೇಗ ನಿರ್ಧರಿಸುವ ಗವರ್ನರ್ ‘ಪರ್ಫಾರ್ಮೆನ್ಸ್’, ಹೀಪ್ ಪುಟಗಳನ್ನು ಮೊದಲೇ ಮುಟ್ಟಿಸುವ ಆಲ್‌ವೇಸ್‌ಪ್ರಿಟಚ್ ಆನ್. ಕಲೆಕ್ಟರ್ ಹೆಸರನ್ನು ಯಾವಾಗಲೂ ಕಮಾಂಡ್‌ನಲ್ಲೇ ಕೊಡಬೇಕು. ಒಂದೇ ಸಿಪಿಯು ಇರುವ ಕಂಟೇನರ್‌ನಲ್ಲಿ ಹಲವು ಜೆಡಿಕೆ ಆವೃತ್ತಿಗಳ ಹಾಟ್‌ಸ್ಪಾಟ್ ಸದ್ದಿಲ್ಲದೆ ಜಿ1 ಬಿಟ್ಟು, ಒಂದೇ ಥ್ರೆಡ್‌ನ ಸೀರಿಯಲ್ ಕಲೆಕ್ಟರ್ ಆರಿಸಿಕೊಳ್ಳುತ್ತದೆ. ಜಿಸಿ ಥ್ರೆಡ್‌ಗಳ ಸಂಖ್ಯೆಯೂ ಅಷ್ಟೇ: 8 ಕೋರ್‌ವರೆಗೆ ಕೋರ್‌ಗೊಂದು, ಅದರಾಚೆ ಎಂಟಕ್ಕೆ ಐದರಂತೆ, ಅಂದರೆ 32 ಕೋರ್‌ಗೆ 23. ಎರಡು ಯಂತ್ರಗಳ ಫಲಿತಾಂಶ ಹೋಲಿಸುವಾಗ ಇದನ್ನು ಕೈಯಾರೆ ನಿಗದಿ ಮಾಡುತ್ತೇನೆ. ಓಟಗಳನ್ನು ಎ, ಬಿ, ಎ, ಬಿ ಎಂದು ಹೆಣೆದು ಓಡಿಸುವುದರಿಂದ ಯಂತ್ರದ ಬಿಸಿ, ಹಿನ್ನೆಲೆಯ ಅಪ್‌ಡೇಟ್ ಎರಡೂ ಕಡೆಗೆ ಸಮವಾಗಿ ಹಂಚಿಹೋಗುತ್ತವೆ. ಅಡ್ರೆಸ್ ರ‍್ಯಾಂಡಮೈಸೇಶನ್ (ಪ್ರತಿ ಓಟದಲ್ಲೂ ಮೆಮೊರಿ ವಿಳಾಸಗಳನ್ನು ಬದಲಿಸುವ ವ್ಯವಸ್ಥೆ) ಅನ್ನು ಹಲವರು ಆಫ್ ಮಾಡುತ್ತಾರೆ, ನಾನು ಮಾಡುವುದಿಲ್ಲ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಒಟ್ಟು ಗಾತ್ರ ಬದಲಾದರೆ ಸ್ಟ್ಯಾಕ್ ಶುರುವಾಗುವ ವಿಳಾಸ ಸರಿದು ಸಿ ಪ್ರೋಗ್ರಾಂಗಳ ವೇಗವೇ ಬದಲಾಗುತ್ತದೆ ಎಂದು 2009ರಲ್ಲೇ ತೋರಿಸಲಾಗಿದೆ. ಮೆಮೊರಿಯ ಒಂದು ವಿನ್ಯಾಸವನ್ನು ಗಟ್ಟಿಮಾಡಿದರೆ ನನ್ನ ಫಲಿತಾಂಶ ಆ ಒಂದು ವಿನ್ಯಾಸಕ್ಕಷ್ಟೇ ಸಲ್ಲುತ್ತದೆ.

ಇವೆಲ್ಲಕ್ಕೂ ಮೊದಲು ಕಲೆಕ್ಟರ್ ಸರಿಯಾಗಿರಬೇಕು. ಇನ್ನೂ ಬಳಕೆಯಲ್ಲಿದ್ದರೂ ತಪ್ಪಾಗಿ ಬಿಡುಗಡೆಯಾದ ಆಬ್ಜೆಕ್ಟ್ ಒಂದು ಜಿಸಿಯಲ್ಲಿ ಕಳೆದು, ಎಷ್ಟೋ ಜಿಸಿಗಳ ನಂತರ ಸಂಬಂಧವೇ ಇಲ್ಲದ ಕಡೆ ಕ್ರ್ಯಾಶ್ ತರುತ್ತದೆ. ಅಂತರ ಕುಗ್ಗಿಸಲು ಸ್ಟ್ರೆಸ್ ಮೋಡ್‌ನಲ್ಲಿ ಕೆಲವೇ ಕಿಲೋಬೈಟ್ ಅಲೊಕೇಶನ್‌ಗೆ ಒಂದು ಜಿಸಿ ಮಾಡಿಸುತ್ತೇನೆ. ಪ್ರತಿ ಜಿಸಿ ಆದ ಮೇಲೆ ಎಂಎಂಟಿಕೆಯ ಸ್ಯಾನಿಟಿ ಚೆಕ್ ಬೇರುಗಳಿಂದ (ಸ್ಟ್ಯಾಕ್‌ನಂಥ ಕಡೆ ಇರುವ ಆರಂಭದ ರೆಫರೆನ್ಸ್‌ಗಳಿಂದ) ಇಡೀ ಹೀಪ್ ನಡೆದು ನೋಡುತ್ತದೆ, ಬಿಡುಗಡೆಯಾದ ಜಾಗಕ್ಕೆ ಗುರುತಿನ ಬೈಟ್ ತುಂಬಿಸಿರುತ್ತೇನೆ. ಆಮೇಲೆ ಜರಡಿ ಹಿಡಿಯುವ ಕೆಲಸ: ಇಂಟರ್‌ಪ್ರಿಟರ್ ಒಂದರಲ್ಲೇ, ನಂತರ ಹಾಟ್‌ಸ್ಪಾಟ್‌ನ ಸರಳ ಜಿಟ್ ಕಂಪೈಲರ್ ಸಿ1 ಸೇರಿಸಿ, ಕೊನೆಗೆ ಹೆಚ್ಚು ಆಪ್ಟಿಮೈಸ್ ಮಾಡುವ ಸಿ2. ಸಿ2 ಬಂದಾಗ ಮಾತ್ರ ಕೆಟ್ಟರೆ ತೆಗೆದುಹಾಕಲಾದ ಬ್ಯಾರಿಯರ್‌ಗಳನ್ನು ಮೊದಲು ಅನುಮಾನಿಸಬೇಕು. ಹೊಸ ಆಬ್ಜೆಕ್ಟ್ ನರ್ಸರಿಯಲ್ಲೇ (ಹೊಸಬುಗಳಿಗೆ ಮೀಸಲಾದ ಹೀಪ್‌ನ ಭಾಗದಲ್ಲೇ) ಇದೆ ಎಂಬ ನಂಬಿಕೆಯ ಮೇಲೆ ಸಿ2 ರೈಟ್ ಬ್ಯಾರಿಯರ್ ಬಿಡುತ್ತದೆ. ದೊಡ್ಡ ಅರೇ ನೇರವಾಗಿ ಹಳೆಯ ಭಾಗದಲ್ಲಿ ಹುಟ್ಟಿದರೆ ಆ ನಂಬಿಕೆ ಸುಳ್ಳಾಗುತ್ತದೆ. ಎಲ್ಲ ಮೋಡ್‌ನಲ್ಲೂ ಕೆಟ್ಟರೆ ಅರೇಕಾಪಿ, ಕ್ಲೋನ್, ಕಂಪೇರ್ ಆಂಡ್ ಸ್ವಾಪ್, ವೀಕ್ ರೆಫರೆನ್ಸ್‌ನ ಗೆಟ್: ಬ್ಯಾರಿಯರ್ ಮರೆತುಹೋಗುವ ಜಾಗಗಳು ಹೆಚ್ಚಾಗಿ ಈ ನಾಲ್ಕೇ.

ಹೋಲಿಕೆಗೆ ಜಿ1 ಒಂದೇ ಸಾಲದು. ಅದರ ಅಲೊಕೇಟರ್, ಬ್ಯಾರಿಯರ್, ಹೀಪ್ ವಿನ್ಯಾಸ ಎಲ್ಲವೂ ಬೇರೆ. ಗೆದ್ದರೆ ಯಾವುದರಿಂದ ಗೆದ್ದೆ ಎಂದು ಹೇಳಲಾಗದು. ಅದಕ್ಕೆ ಎಂಎಂಟಿಕೆಯೊಳಗಿನ ಇಮ್ಮಿಕ್ಸ್ ಅನ್ನೂ ಇಟ್ಟುಕೊಳ್ಳುತ್ತೇನೆ. ಅದು 32 ಕಿಲೋಬೈಟ್ ಬ್ಲಾಕ್‌ಗಳನ್ನು ಸಾಲುಗಳಾಗಿ ಸೀಳಿ ಜಾಗ ಮರುಬಳಸುವ, 2008ರ ವಿನ್ಯಾಸ. ನನ್ನ ಬದಲಾವಣೆ ಒಂದನ್ನೇ ಅದರ ಮೇಲೆ ಸೇರಿಸಿ, ತೆಗೆದು ನೋಡಬಹುದು. ಪ್ರತಿ ಓಟದ ಲಾಗ್‌ನ ತಲೆಯಲ್ಲಿ ಕಮಿಟ್ ಹ್ಯಾಶ್, ಪೂರ್ತಿ ಕಮಾಂಡ್, ಕರ್ನಲ್ ಆವೃತ್ತಿ ತಾನಾಗಿಯೇ ಬರೆದುಕೊಳ್ಳುವಂತೆ ಸ್ಕ್ರಿಪ್ಟ್ ಮಾಡಿದ್ದೇನೆ. ಗ್ರಾಫ್‌ಗಳೆಲ್ಲ ಆ ಕಚ್ಚಾ ಲಾಗ್‌ನಿಂದಲೇ ಹುಟ್ಟುತ್ತವೆ, ನಡುವೆ ಕೈಯಿಂದ ತುಂಬಿದ ಸ್ಪ್ರೆಡ್‌ಶೀಟ್ ಇರುವುದಿಲ್ಲ.