ಅರ್ಜಿಗೆ ಮೊದಲು ಒಂದು ಪ್ಯಾಚ್: ಜಿಸಾಕ್‌ಗೆ ನಾನು ಹೋದ ದಾರಿ

ಜಿಸಾಕ್ ಅಂದರೆ ಗೂಗಲ್ ಸಮ್ಮರ್ ಆಫ್ ಕೋಡ್: ಹೊಸಬರು ಮೆಂಟರ್ (ಮಾರ್ಗದರ್ಶಕರು) ಜೊತೆ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ಗೆ, ಕೆಲಸ ಮಾಡಿ ದುಡ್ಡು ಪಡೆಯುವ ಕಾರ್ಯಕ್ರಮ. ಫೆಬ್ರವರಿ ಬಂತೆಂದರೆ ಕಾಲೇಜಿನ ಜೂನಿಯರ್‌ಗಳಿಂದ ಮೆಸೇಜ್ ಶುರು. "ಅಕ್ಕಾ, ಜಿಸಾಕ್‌ಗೆ ಪ್ರಪೋಸಲ್ ಹೇಗೆ ಬರೀಬೇಕು? ನಿಮ್ಮದು ಇದ್ರೆ ಕಳಿಸ್ತೀರಾ?" ಕಳಿಸುತ್ತೇನೆ. ಜೊತೆಗೆ ಒಂದು ಮಾತು ಹೇಳುತ್ತೇನೆ, ಅದು ಯಾರಿಗೂ ಅಷ್ಟಾಗಿ ಹಿಡಿಸುವುದಿಲ್ಲ. ಪ್ರಪೋಸಲ್, ಅಂದರೆ ಏನು ಕೆಲಸ ಮಾಡುತ್ತೇನೆ ಅಂತ ಬರೆದುಕೊಡುವ ಯೋಜನೆ, ಕೊನೆಯ ಕೆಲಸ. ನಿಮ್ಮನ್ನು ತಗೋಬೇಕೋ ಬೇಡವೋ ಅನ್ನೋದು ಅದಕ್ಕೂ ಮೊದಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ಅದು ತೀರ್ಮಾನ ಆಗೋದು ನೀವು ಕಳಿಸಿದ ಪ್ಯಾಚ್‌ಗಳಿಂದ (ಕೋಡ್‌ಗೆ ಮಾಡಿದ ತಿದ್ದುಪಡಿಗಳು), ಅವುಗಳ ಕೆಳಗೆ ನೀವು ಆಡಿದ ಮಾತಿನಿಂದ.

ನಾನು ಜಿಸಾಕ್‌ನಲ್ಲಿ ಎಂಎಸ್ ಆಫೀಸ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್‌ಗೆ ಕೆಲಸ ಮಾಡಿದವಳು. ಆಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಕ್ಲಾಸಿನಲ್ಲಿ ಸಿ++ ಕಲಿತಿದ್ದೆ, ಅಂದರೆ ಲ್ಯಾಬ್ ಎಕ್ಸಾಮ್‌ಗೆ ಬೇಕಾದಷ್ಟು. ದೊಡ್ಡ ಪ್ರಾಜೆಕ್ಟ್‌ನ ಕೋಡ್ ಓದಿದವಳೇ ಅಲ್ಲ.

ಮೆಂಟರ್ ಸಿಗುವ ಕಾರ್ಯಕ್ರಮ ಇದೊಂದೇ ಅಲ್ಲ. ಜಿಸಾಕ್ 2005ರಿಂದ ನಡೆಯುತ್ತಿದೆ. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2022ರಿಂದ 18 ವರ್ಷ ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಔಟ್‌ರೀಚಿ ವರ್ಷಕ್ಕೆ ಎರಡು ಸಲ, ಮೇ ತಿಂಗಳಿಂದ ಒಂದು, ಡಿಸೆಂಬರ್‌ನಿಂದ ಇನ್ನೊಂದು. ಅದು ತಂತ್ರಜ್ಞಾನ ಕ್ಷೇತ್ರದಲ್ಲಿ ಕಡಿಮೆ ಕಾಣಿಸುವ ಹಿನ್ನೆಲೆಯವರಿಗೆ. ಮೂರು ತಿಂಗಳಿಗೆ 7000 ಡಾಲರ್, ಯಾವ ದೇಶದವರಾದರೂ ಅಷ್ಟೇ. ಲಿನಕ್ಸ್ ಫೌಂಡೇಶನ್‌ನ ಎಲ್‌ಎಫ್‌ಎಕ್ಸ್ ಮೆಂಟರ್‌ಶಿಪ್ ವರ್ಷಕ್ಕೆ ಮೂರು ಸಲ ಬರುತ್ತದೆ. ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಕೆಡಿಇಯವರ ಸೀಸನ್ ಆಫ್ ಕೆಡಿಇಯಲ್ಲಿ ದುಡ್ಡು ಇಲ್ಲ, ಆದರೆ ಪೈಪೋಟಿಯ ಗಲಾಟೆಯಿಲ್ಲದೆ ಕಲಿಯೋಕೆ ಒಳ್ಳೆಯ ಜಾಗ. ಯಾವುದಕ್ಕೆ ಹೋದರೂ ಮೊದಲ ಹೆಜ್ಜೆ ಹೆಚ್ಚುಕಡಿಮೆ ಒಂದೇ.

ಪ್ರಾಜೆಕ್ಟ್ ಆರಿಸೋದು ಹೇಗೆ? ನನಗೆ ಅದು ಸುಲಭವಾಯಿತು. ಅಪ್ಪನದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಕೋರ್ಟಿನ ಅರ್ಜಿ, ಸಂಘದ ವರದಿ ಎಲ್ಲ ಅಲ್ಲೇ ಟೈಪ್ ಆಗುತ್ತಿದ್ದವು. ಅಂಗಡಿಯ ಎರಡನೇ ಕಂಪ್ಯೂಟರ್‌ನಲ್ಲಿ ಲಿಬ್ರೆಆಫೀಸ್ ಇತ್ತು. ಯಾರಾದರೂ ಪೆನ್‌ಡ್ರೈವ್‌ನಲ್ಲಿ ತಂದ ವರ್ಡ್ ಕಡತ ಅದರಲ್ಲಿ ತೆರೆದರೆ ಟೇಬಲ್ ಪಕ್ಕಕ್ಕೆ ಜರುಗಿರೋದು, ಪುಟದ ಸಂಖ್ಯೆ ಮಾಯ ಆಗಿರೋದು ಎಲ್ಲ ಕಣ್ಣಾರೆ ಕಂಡಿದ್ದೆ. ಹಾಗಾಗಿ ದೋಷಗಳ ದೂರು ದಾಖಲಾಗುವ ಬಗ್‌ಜಿಲ್ಲಾ ತಾಣದಲ್ಲಿ ಒಂದು ದೂರು ಓದಿದಾಗ ಅದು ಎಂಥ ತೊಂದರೆ ಅಂತ ತಟ್ಟನೆ ಅರ್ಥವಾಗುತ್ತಿತ್ತು. ತುಂಬಾ ಜನ ಪ್ರಾಜೆಕ್ಟ್‌ನ ಹೆಸರು ನೋಡಿ, ಗಿಟ್‌ಹಬ್‌ನಲ್ಲಿ (ಕೋಡ್ ಹಂಚಿಕೊಳ್ಳುವ ತಾಣ) ಎಷ್ಟು ಸ್ಟಾರ್ ಇದೆ ನೋಡಿ ಆರಿಸುತ್ತಾರೆ. ತಾವೇ ಒಮ್ಮೆಯೂ ಬಳಸದ ಸಾಫ್ಟ್‌ವೇರ್ ಅದು. ನಾಲ್ಕು ವಾರದಲ್ಲಿ ಬೇಜಾರು ಬಂದೇ ಬರುತ್ತದೆ.

ಲಿಬ್ರೆಆಫೀಸ್‌ನಲ್ಲಿ ಒಂದು ನಿಯಮ ಇದೆ. ಜಿಸಾಕ್‌ಗೆ ಅರ್ಜಿ ಹಾಕುವವರು ಅದಕ್ಕೆ ಮೊದಲು ಕನಿಷ್ಠ ಒಂದು ಈಸಿ ಹ್ಯಾಕ್ ಮುಗಿಸಿರಬೇಕು. ಹೊಸಬರಿಗೆ ಅಂತಲೇ ಗುರುತು ಹಾಕಿಟ್ಟ ಬಗ್‌ಗಳಿಗೆ ಅಲ್ಲಿ ಈಸಿ ಹ್ಯಾಕ್ ಅಂತಾರೆ. ಹೆಸರು ಕೇಳಿ ಮೋಸ ಹೋಗಬೇಡಿ. ಹ್ಯಾಕ್ ಈಸಿ ಇರಬಹುದು, ಅದಕ್ಕೂ ಮೊದಲು ಬಿಲ್ಡ್, ಅಂದರೆ ಮೂಲ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟೋದು, ಅನ್ನೋದೊಂದು ಇದೆಯಲ್ಲ.

ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆಆಫೀಸ್ ಬಿಲ್ಡ್ ಮಾಡೋದು ರಾತ್ರಿಯಿಡೀ ನಡೆಯುವ ಕೆಲಸ. ಕೋಡ್ ಇಳಿಸಿಕೊಳ್ಳೋಕೇ ಗಿಗಾಬೈಟ್‌ಗಟ್ಟಲೆ ಡೇಟಾ ಬೇಕು. ನಾನು ಹಾಸ್ಟೆಲ್ ವೈಫೈ ನಂಬದೆ ಅಂಗಡಿಗೆ ಹೋಗಿ ಇಳಿಸಿದೆ. ಬಿಲ್ಡ್‌ಗೆ ಸಿದ್ಧಮಾಡುವ ಆಟೋಜೆನ್ ಸ್ಕ್ರಿಪ್ಟ್ ಓಡಿಸಿದರೆ ಯಾವ ಯಾವ ಲೈಬ್ರರಿ ಇಲ್ಲ ಅಂತ ಒಂದೊಂದಾಗಿ ಹೇಳುತ್ತದೆ, ಒಂದೊಂದಾಗಿ ಹಾಕಬೇಕು. ಆಮೇಲೆ ಮೇಕ್, ಅಂದರೆ ಬಿಲ್ಡ್ ಶುರುಮಾಡುವ ಆಜ್ಞೆ. ಒಂದೇ ಸಲ ಎಷ್ಟು ಕಡತ ಕಂಪೈಲ್ ಆಗಬೇಕು (ಯಂತ್ರದ ಭಾಷೆಗೆ ಬದಲಾಗಬೇಕು) ಅನ್ನೋದನ್ನು ಪ್ಯಾರಲಲಿಸಂ ಆಯ್ಕೆಯಲ್ಲಿ ಎರಡಕ್ಕೆ ಇಳಿಸಿದ ಮೇಲೆ ಲ್ಯಾಪ್‌ಟಾಪ್ ಹ್ಯಾಂಗ್ ಆಗೋದು ನಿಂತಿತು. ಸಿಸಿಕ್ಯಾಶ್ ಅನ್ನೋದನ್ನು ಮೊದಲೇ ಹಾಕಿಕೊಳ್ಳಿ. ಒಮ್ಮೆ ಕಂಪೈಲ್ ಆದದ್ದನ್ನು ಅದು ಎತ್ತಿಟ್ಟುಕೊಳ್ಳುತ್ತದೆ, ಎರಡನೇ ಬಿಲ್ಡ್ ಎಷ್ಟೋ ಬೇಗ ಮುಗಿಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಮತ್ತೆ ಮೇಕ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಬೆಳಿಗ್ಗೆ ಎದ್ದು, ನಾನೇ ಕಟ್ಟಿದ ರೈಟರ್ (ಲಿಬ್ರೆಆಫೀಸ್‌ನಲ್ಲಿ ವರ್ಡ್‌ನಂಥ ಭಾಗ) ತೆರೆದು "ಬೆಣ್ಣೆದೋಸೆ" ಅಂತ ಟೈಪ್ ಮಾಡಿದೆ. ಸುಮ್ನೆ, ಖುಷಿಗೆ.

ಬಿಲ್ಡ್ ಬಗ್ಗೆ ಇಷ್ಟು ಉದ್ದ ಹೇಳಲು ಕಾರಣ ಇದೆ. ಜಾಸ್ತಿ ಜನ ಬಿಟ್ಟುಹೋಗುವುದು ಇಲ್ಲೇ. ಮೆಂಟರ್‌ಗಳಿಗೂ ಇದು ಗೊತ್ತು. ಬಿಲ್ಡ್ ಮುಗಿಸಿ ಪ್ರಶ್ನೆ ಕೇಳುವವರಿಗೂ, ಬಿಲ್ಡ್ ಮಾಡದೆ "ನಾನು ಏನು ಕೆಲಸ ಮಾಡಲಿ" ಅಂತ ಕೇಳುವವರಿಗೂ ಸಿಗುವ ಉತ್ತರದಲ್ಲಿ ವ್ಯತ್ಯಾಸ ಇರುತ್ತದೆ.

ನಾನು ಎತ್ತಿಕೊಂಡ ಈಸಿ ಹ್ಯಾಕ್ ತೀರಾ ಸಪ್ಪೆ. ಹಳೆಯ ಸಿ ಶೈಲಿಯಲ್ಲಿ ಡಿಫೈನ್ ಅಂತ ಬರೆದ ಸ್ಥಿರಾಂಕಗಳನ್ನು (ಬದಲಾಗದ ಮೌಲ್ಯಗಳು) ತೆಗೆದು ಸಿ++ನ ಕಾನ್ಸ್‌ಟ್‌ಎಕ್ಸ್‌ಪರ್ ಅಥವಾ ಈನಮ್ ಮಾಡೋದು. ಡಿಫೈನ್‌ಗೆ ಟೈಪ್ (ಯಾವ ಬಗೆಯ ಮೌಲ್ಯ ಅನ್ನುವ ಗುರುತು) ಇಲ್ಲ, ಕಂಪೈಲ್‌ಗೆ ಮುಂಚೆ ಹೆಸರಿನ ಜಾಗಕ್ಕೆ ಅಂಕಿ ಅಂಟಿಸುತ್ತದೆ ಅಷ್ಟೇ. ಕಾನ್ಸ್‌ಟ್‌ಎಕ್ಸ್‌ಪರ್ ಆದರೆ ಟೈಪ್ ಇರುತ್ತದೆ, ತಪ್ಪಿದ್ದರೆ ಕಂಪೈಲರ್ ಹಿಡಿಯುತ್ತದೆ. ಒಂದು ಕಡತ ಆರಿಸಿ, ಬದಲಿಸಿ, ಮೇಕ್ ಚೆಕ್ ಕೊಟ್ಟು ಟೆಸ್ಟ್‌ಗಳನ್ನು ಓಡಿಸಿ, ಪ್ಯಾಚ್ ಕಳಿಸಿದೆ. ಈ ಕೋಡ್‌ನ ಮೂಲ ಜರ್ಮನಿಯ ಸ್ಟಾರ್‌ಆಫೀಸ್. ಅದನ್ನು 1999ರಲ್ಲಿ ಸನ್ ಕಂಪನಿ ಕೊಂಡುಕೊಂಡಿತು, ಓಪನ್‌ಆಫೀಸ್ ಆಯಿತು, 2010ರಲ್ಲಿ ಅದರಿಂದ ಕವಲೊಡೆದದ್ದು ಲಿಬ್ರೆಆಫೀಸ್. ಕೋಡ್‌ನಲ್ಲಿದ್ದ ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷ್‌ಗೆ ತರೋದೇ ಒಂದು ಕಾಲಕ್ಕೆ ಈಸಿ ಹ್ಯಾಕ್ ಆಗಿತ್ತು, ಅವನ್ನು ಹುಡುಕಿಕೊಡಲು ಪ್ರತ್ಯೇಕ ಸ್ಕ್ರಿಪ್ಟೇ ಇತ್ತು. ಹೊಸಬರು ಬಂದು ಗುಡಿಸಿ ಒರೆಸಿದ ಮನೆ ಇದು. ಆ ಸಪ್ಪೆ ಕೆಲಸಕ್ಕೂ ಅಲ್ಲಿ ಬೆಲೆ ಇದೆ.

ಪ್ಯಾಚ್ ಹೋಗುವುದು ಗೆರಿಟ್‌ಗೆ, ಅಂದರೆ ಕೋಡ್ ಸೇರುವ ಮುನ್ನ ಬೇರೆಯವರು ಅದನ್ನು ಓದಿ ರಿವ್ಯೂ ಮಾಡುವ ತಾಣಕ್ಕೆ. ಗಿಟ್‌ಹಬ್ ಅಭ್ಯಾಸ ಆದವರಿಗೆ ಇಲ್ಲಿ ಒಂದು ಗೊಂದಲ ಇದೆ. ಗಿಟ್‌ಹಬ್‌ನಲ್ಲಿ ತಿದ್ದಬೇಕಾದರೆ ಇನ್ನೊಂದು ಕಮಿಟ್ (ದಾಖಲಾದ ಬದಲಾವಣೆ) ಸೇರಿಸುತ್ತೀರಿ. ಗೆರಿಟ್‌ನಲ್ಲಿ ಅದೇ ಕಮಿಟ್ ಅನ್ನು ಅಮೆಂಡ್ ಮಾಡಿ, ಅಂದರೆ ತಿದ್ದಿ, ಮತ್ತೆ ಕಳಿಸಬೇಕು. ಕಮಿಟ್ ಸಂದೇಶದ ಕೆಳಗಿರುವ ಚೇಂಜ್ ಐಡಿ ಹಾಗೇ ಇರಬೇಕು. ಆಗ ಅದು ಹಳೆಯ ಪ್ಯಾಚ್‌ನ ಹೊಸ ಆವೃತ್ತಿಯಾಗಿ ಕಾಣಿಸುತ್ತದೆ, ರಿವ್ಯೂ ಮಾಡುವವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಶುರುವಿನಲ್ಲಿ ಲಾಗೆರಿಟ್ ಸೆಟಪ್ ಅಂತ ಒಂದು ಸ್ಕ್ರಿಪ್ಟ್ ಓಡಿಸಿದರೆ ಇದಕ್ಕೆಲ್ಲ ಬೇಕಾದ ವ್ಯವಸ್ಥೆ ಅದೇ ಮಾಡಿಕೊಡುತ್ತದೆ. ಇನ್ನೊಂದು ವಿಷಯ: ನಿಮ್ಮ ಕೋಡ್ ಅನ್ನು ಎಂಪಿಎಲ್ ಮತ್ತು ಎಲ್‌ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್ ಅಡಿ ಕೊಡುತ್ತಿದ್ದೀರಿ ಅಂತ ಒಂದು ಇಮೇಲ್ ಕಳಿಸಬೇಕು. ಎರಡು ಸಾಲಿನ ಕೆಲಸ, ತಡ ಮಾಡಬೇಡಿ.

ಕಳಿಸಿದ ಮೇಲೆ ಜೆಂಕಿನ್ಸ್ ಅನ್ನುವ ಸ್ವಯಂಚಾಲಿತ ವ್ಯವಸ್ಥೆ ಅದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಬಿಲ್ಡ್ ಮಾಡಿ ನೋಡುತ್ತದೆ. ನನ್ನದು ಲಿನಕ್ಸ್‌ನಲ್ಲಿ ಹಸಿರು (ಪಾಸ್), ವಿಂಡೋಸ್‌ನಲ್ಲಿ ಕೆಂಪು (ಫೇಲ್). ಒಂದು ಹೆಸರು ವಿಂಡೋಸ್‌ನ ಹೆಡರ್‌ನಲ್ಲಿ (ಹಲವು ಕಡತಗಳು ಹಂಚಿಕೊಳ್ಳುವ ಕಡತ) ಡಿಫೈನ್ ಮಾಡಿದ್ದ ಮ್ಯಾಕ್ರೋ ಜೊತೆ ಡಿಕ್ಕಿ ಹೊಡೆದಿತ್ತು. ಹೆಸರು ಬದಲಿಸಿದೆ. ಆಮೇಲೆ ರಿವ್ಯೂ ಬಂತು. ಇಂಗ್ಲಿಷ್‌ನಲ್ಲಿದ್ದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ಈ ಸ್ಥಿರಾಂಕ ಒಂದೇ ಕಡತದಲ್ಲಿ ಬಳಕೆಯಾಗಿದೆ, ಹಾಗಿದ್ದಮೇಲೆ ಹೆಡರ್‌ನಲ್ಲಿ ಯಾಕೆ? ಮತ್ತೆ ಇದರ ಪಕ್ಕದ್ದು ಎಲ್ಲಾದರೂ ಬಳಕೆಯಲ್ಲಿ ಇದೆಯಾ? ಕೋಡ್‌ನಲ್ಲೆಲ್ಲ ಹುಡುಕುವ ಗಿಟ್ ಗ್ರೆಪ್ ಆಜ್ಞೆ ಕೊಟ್ಟು ನೋಡಿದರೆ, ಪಕ್ಕದ್ದು ಎಲ್ಲೂ ಇಲ್ಲ. ಅಳಿಸಿದೆ. ಮೊದಲನೆಯದನ್ನು ಬಳಕೆಯಾಗುವ ಕಡತಕ್ಕೇ ಒಯ್ದೆ. ಕೊನೆಗೆ ಕಮಿಟ್ ಸಂದೇಶದ ಬಗ್ಗೆ ಇನ್ನೊಂದು ಮಾತು ಬಂತು: ಏನು ಮಾಡಿದೆ ಅನ್ನೋದು ಕೋಡ್‌ನಲ್ಲೇ ಕಾಣುತ್ತದೆ, ಯಾಕೆ ಮಾಡಿದೆ ಅಂತ ಬರಿ. ಬರೆದೆ. ಒಪ್ಪಿಗೆಯ ಪ್ಲಸ್ ಟೂ ಬಿತ್ತು, ಮರ್ಜ್ ಆಯಿತು, ಅಂದರೆ ಮುಖ್ಯ ಕೋಡ್‌ಗೆ ಸೇರಿತು.

ನೋಡಿ, ಇಷ್ಟರಲ್ಲಿ ಆ ರಿವ್ಯೂ ಮಾಡಿದವರಿಗೆ ನನ್ನ ಬಗ್ಗೆ ಏನೆಲ್ಲ ಗೊತ್ತಾಯಿತು ಅಂತ. ಬಿಲ್ಡ್ ಮಾಡಬಲ್ಲಳು. ಕೆಂಪು ಬಂದರೆ ಲಾಗ್ ಓದುತ್ತಾಳೆ. ಹೇಳಿದ್ದನ್ನು ತಿದ್ದುತ್ತಾಳೆ, ಕೇಳಿದ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಾಳೆ. ಎಷ್ಟು ಚಂದದ ಪ್ರಪೋಸಲ್ ಬರೆದರೂ ಇದನ್ನು ಹೇಳೋಕೆ ಆಗುತ್ತಾ? ಮೆಂಟರ್‌ಗಳಿಗೆ ಗೂಗಲ್ ಸಂಬಳ ಕೊಡೋದಿಲ್ಲ. ಅವರು ತಮ್ಮ ಕೆಲಸದ ನಡುವೆ ಹೊತ್ತು ಮಾಡಿಕೊಂಡು ನಮಗೆ ಕಲಿಸುತ್ತಾರೆ. ಮೂರು ತಿಂಗಳು ಇವಳ ಜೊತೆ ಏಗಬಹುದಾ ಅನ್ನೋದೇ ಅವರ ಪ್ರಶ್ನೆ.

ಪ್ರಶ್ನೆ ಕೇಳುವ ಬಗ್ಗೆ ಸ್ವಲ್ಪ. ಅಲ್ಲಿನ ಡೆವಲಪರ್‌ಗಳಲ್ಲಿ ತುಂಬಾ ಜನ ಯುರೋಪಿನವರು. ಜರ್ಮನಿಯಲ್ಲಿ ಬೆಳಿಗ್ಗೆ ಹತ್ತು ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಕಾಲೇಜು ಮುಗಿಸಿ ಬಂದು ಕೂತರೆ ಅವರು ಇನ್ನೂ ಕೆಲಸದಲ್ಲೇ ಇರುತ್ತಾರೆ, ನಮಗೆ ಅನುಕೂಲವೇ. ಐಆರ್‌ಸಿಯಲ್ಲಿ (ಎಲ್ಲರೂ ಸೇರುವ ಚಾಟ್) ಕೇಳಿದರೆ ಕಿಟಕಿ ಮುಚ್ಚಿ ಹೋಗಬೇಡಿ, ಉತ್ತರ ಒಂದು ಗಂಟೆ ಬಿಟ್ಟು ಬರಬಹುದು. "ಯಾರಾದರೂ ಸಹಾಯ ಮಾಡ್ತೀರಾ" ಅಂತ ಕೇಳೋದಕ್ಕಿಂತ ಯಾವ ಕಡತ, ಏನು ಮಾಡಿದೆ, ಯಾವ ಎರರ್ ಬಂತು ಅಂತ ನೇರ ಬರೆಯಿರಿ. "ರೆಸ್ಪೆಕ್ಟೆಡ್ ಸರ್" ಬೇಡ. ನಮಗೆ ಅದು ಬಾಯಿಗೆ ಬಂದುಬಿಡುತ್ತದೆ, ಎದುರಿಗೆ ಇರುವವರು ಸರ್ ಹೌದೋ ಮೇಡಂ ಹೌದೋ ಅನ್ನೋದೂ ಗೊತ್ತಿರುವುದಿಲ್ಲ. ಹೆಸರು ಹಿಡಿದು ಕರೆದರೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮೆಂಟರ್‌ಗೆ ಖಾಸಗಿ ಮೆಸೇಜ್ ಹಾಕೋದನ್ನೂ ಕಡಿಮೆ ಮಾಡಿ. ಎಲ್ಲರ ಎದುರು ಕೇಳಿದರೆ ಅವರಿಲ್ಲದಾಗ ಇನ್ಯಾರಾದರೂ ಉತ್ತರ ಹೇಳುತ್ತಾರೆ. ಪ್ಯಾಚ್‌ಗೆ ವಾರ ಕಳೆದರೂ ರಿವ್ಯೂ ಬರಲಿಲ್ಲವಾ? ಒಂದು ಸಾಲು ಬರೆದು ನೆನಪಿಸಿ. ದಿನಾ ಅಲ್ಲ.

ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಕಡತ) ಒಂದು ಪದ ತಿದ್ದಿ ಕಳಿಸೋದು ಲೆಕ್ಕಕ್ಕೆ ಬರುತ್ತಾ ಅಂತ ಕೇಳುತ್ತಾರೆ. ನಿಜವಾಗಿ ತಪ್ಪಿದ್ದರೆ ತಿದ್ದಿ. ಆದರೆ ಓಪನ್ ಸೋರ್ಸ್‌ಗೆ ಕೋಡ್ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ಆ ಟೀ ಶರ್ಟ್ ಆಸೆಗೆ ಜನ ಎಂಥೆಂಥ ಪುಲ್ ರಿಕ್ವೆಸ್ಟ್ (ಗಿಟ್‌ಹಬ್‌ನಲ್ಲಿ ಕಳಿಸುವ ಪ್ಯಾಚ್) ಸುರಿದರೆಂದರೆ, ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಆಯೋಜಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಅಂದಿನಿಂದ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಈ ವಿಷಯದಲ್ಲಿ ಮೂಗಿನ ತುದಿಯಲ್ಲೇ ಸಿಟ್ಟು. ಎಐ ಬರೆದುಕೊಟ್ಟ ಪ್ಯಾಚ್‌ಗೂ ಈಗ ಅದೇ ಗತಿ. ನೀವೇ ವಿವರಿಸಲಾಗದ ಕೋಡ್ ಕಳಿಸಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಇನ್ನು ಪ್ರಪೋಸಲ್. ಜಿಸಾಕ್‌ಗೆ ಆಯ್ಕೆಯಾದ ಸಂಸ್ಥೆಗಳ ಪಟ್ಟಿ ಫೆಬ್ರವರಿಯ ಎರಡನೇ ಅರ್ಧದಲ್ಲಿ ಬರುತ್ತದೆ, ಅರ್ಜಿ ಮಾರ್ಚ್‌ನಲ್ಲಿ ಶುರುವಾಗಿ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ದಿನಗಳವರೆಗೆ. ಮೂರು ಪ್ರಪೋಸಲ್‌ವರೆಗೆ ಹಾಕಬಹುದು. ನಾನು ಹಾಕಿದ್ದು ಒಂದೇ, ಎರಡಕ್ಕೆ ಸಮಯ ಇರಲಿಲ್ಲ. ನನ್ನ ವಿಷಯ ಅಂಗಡಿಯಲ್ಲಿ ಕಂಡದ್ದೇ: ವರ್ಡ್‌ನ ಡಾಕ್ಸ್ ಕಡತವನ್ನು ರೈಟರ್‌ನಲ್ಲಿ ತೆರೆದು ಮತ್ತೆ ಉಳಿಸಿದಾಗ ಟೇಬಲ್‌ನ ಕೆಲವು ಗುಣಗಳು ಕಳೆದುಹೋಗದಂತೆ ಮಾಡೋದು, ಪ್ರತಿಯೊಂದಕ್ಕೂ ಒಂದು ಟೆಸ್ಟ್ ಬರೆಯೋದು. ಕರಡನ್ನು ಕೊನೆಯ ದಿನಾಂಕಕ್ಕಿಂತ ಎಷ್ಟೋ ಮುಂಚೆ ಮೆಂಟರ್‌ಗೆ ತೋರಿಸಿದೆ. ಅವರು ಮಾಡಿದ ಮೊದಲ ಕೆಲಸ ಅರ್ಧ ಪಟ್ಟಿ ಹೊಡೆದುಹಾಕಿದ್ದು. "ಇಷ್ಟು ಆಗಲ್ಲ. ಇದರಲ್ಲಿ ಯಾವುದು ಕೈಕೊಟ್ಟರೆ ಏನು ಮಾಡ್ತೀಯ, ಅದನ್ನು ಬರಿ" ಅನ್ನುವ ಅರ್ಥದ ಟಿಪ್ಪಣಿ. ಸೆಮಿಸ್ಟರ್ ಪರೀಕ್ಷೆ ಯಾವ ವಾರ, ಇಂಟರ್ನಲ್ಸ್ ಯಾವಾಗ ಅಂತಲೂ ಬರೆದೆ. ಆ ವಾರಗಳಲ್ಲಿ ಕೆಲಸ ಮಾಡುವುದಿಲ್ಲ ಅಂತ ನೇರವಾಗಿಯೇ ಹೇಳಿದೆ. ಹನ್ನೆರಡು ವಾರದ ಅವಧಿಯನ್ನು ಮೆಂಟರ್ ಒಪ್ಪಿದರೆ 22 ವಾರದವರೆಗೆ ಹಿಗ್ಗಿಸಬಹುದು, ನಮ್ಮ ಪರೀಕ್ಷೆಗಳ ವೇಳಾಪಟ್ಟಿಗೆ ಅದು ದೊಡ್ಡ ಉಪಕಾರ. ಪಿಡಿಎಫ್ ಅನ್ನು ಕೊನೆಯ ಗಂಟೆಗೆ ಇಟ್ಟುಕೊಳ್ಳಬೇಡಿ, ಸಮಯ ಮೀರಿದರೆ ಯಾರೂ ಏನೂ ಮಾಡೋಕೆ ಆಗಲ್ಲ.

ಆಯ್ಕೆ ಆದಮೇಲಿನ ಕಥೆ ಅಷ್ಟು ರೋಚಕ ಅಲ್ಲ. ಕೋಡಿಂಗ್ ಶುರುವಾಗುವ ಮುನ್ನ ಕೆಲವು ವಾರ ಪರಿಚಯದ ಅವಧಿ. ಆಮೇಲೆ ಪ್ಯಾಚ್, ರಿವ್ಯೂ, ತಿದ್ದುಪಡಿ, ವಾರಕ್ಕೊಂದು ವರದಿ. ಮಧ್ಯಮ ಗಾತ್ರದ ಪ್ರಾಜೆಕ್ಟ್ 175 ಗಂಟೆಯದು, ದೊಡ್ಡದು 350. ಈಚೆಗೆ 90 ಗಂಟೆಯ ಚಿಕ್ಕದೂ ಬಂದಿದೆ. ದುಡ್ಡು ದೇಶಕ್ಕೆ ತಕ್ಕಂತೆ. ಭಾರತದವರಿಗೆ ಇತ್ತೀಚಿನ ವರ್ಷಗಳಲ್ಲಿ ಮಧ್ಯಮಕ್ಕೆ 1500 ಡಾಲರ್, ದೊಡ್ಡದಕ್ಕೆ 3000. ನಡುವಿನ ಮೌಲ್ಯಮಾಪನ ಪಾಸಾದರೆ ಅದರಲ್ಲಿ ಶೇಕಡ 45, ಕೊನೆಯದು ಪಾಸಾದರೆ ಉಳಿದ 55. ಅಪ್ಪನಿಗೆ ಮೊದಲ ಕಂತು ಅಕೌಂಟಿಗೆ ಬರುವವರೆಗೂ ಇದು ಯಾವುದೋ ಆನ್‌ಲೈನ್ ಮೋಸ ಅಂತಲೇ ಅನುಮಾನ ಇತ್ತು.

ಆಯ್ಕೆ ಆಗದಿದ್ದರೆ? ಮರ್ಜ್ ಆದ ಪ್ಯಾಚ್ ಎಲ್ಲಿಗೂ ಹೋಗೋದಿಲ್ಲ, ನಿಮ್ಮ ಹೆಸರಿನಲ್ಲೇ ಇರುತ್ತದೆ. ಮುಂದಿನ ವರ್ಷ ಅದೇ ಪ್ರಾಜೆಕ್ಟ್‌ಗೆ ಮತ್ತೆ ಹಾಕಿ, ಮೆಂಟರ್‌ಗೆ ನಿಮ್ಮ ಗುರುತು ಇರುತ್ತದೆ. ಈಸಿ ಹ್ಯಾಕ್‌ಗಳ ಪಟ್ಟಿ ವರ್ಷಪೂರ್ತಿ ತೆರೆದೇ ಇರುತ್ತದೆ, ಅದಕ್ಕೆ ಫೆಬ್ರವರಿ ಬರಬೇಕಾಗಿಲ್ಲ. ಸೆಮಿಸ್ಟರ್ ರಜೆ ಸಿಕ್ಕ ರಾತ್ರಿಯೇ ಚಾರ್ಜರ್ ಹಾಕಿ, ಮೇಕ್ ಕೊಟ್ಟು ಮಲಗಿ.