ಹೊಸ ಕಾರಿನ ಕೊಟೇಶನ್ ಸಾಲು ಸಾಲಾಗಿ ಓದಿ

ಗುಂಪಿನಲ್ಲಿ ಹೊಸ ಕಾರು ನೋಡುತ್ತಿರುವವರು ತುಂಬಾ ಜನ ಇದ್ದೀರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

'ಆನ್ ರೋಡ್ ಇಷ್ಟು' ಎಂದು ಒಂದೇ ಮೊತ್ತ ಹೇಳಿದರೆ ಸುಮ್ನೆ ತಲೆ ಆಡಿಸಬೇಡಿ. ಎಕ್ಸ್ ಶೋರೂಂ ಬೆಲೆ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಆಕ್ಸೆಸರಿ, ಎಲ್ಲವನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಟ್ಯಾಕ್ಸ್ ಸರ್ಕಾರದ್ದು, ಅಲ್ಲಿ ಚೌಕಾಸಿ ನಡೆಯುವುದಿಲ್ಲ. ಮಿಕ್ಕಿದ್ದರಲ್ಲಿ ನಡೆಯುತ್ತದೆ.

ಜಾಸ್ತಿ ಉಳಿಯುವುದು ಇನ್ಶೂರೆನ್ಸಿನಲ್ಲಿ. ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯ ಇಲ್ಲ. ನಾವು ಕಾರು ತಗೊಂಡಾಗ ಅವರ ಹಾಳೆಯಲ್ಲಿ 52 ಸಾವಿರ ಇತ್ತು. ಅದೇ ಐಡಿವಿ (ಇನ್ಶೂರೆನ್ಸಿನವರು ಕಾರಿಗೆ ಕಟ್ಟುವ ಬೆಲೆ), ಅದೇ ಝೀರೋ ಡೆಪ್ (ಬಿಡಿಭಾಗ ಹಳೆಯದಾಯಿತೆಂದು ಕ್ಲೇಮಿನಲ್ಲಿ ಕಡಿತ ಮಾಡದ ಕವರ್) ಹಾಕಿ ಆನ್‌ಲೈನಿನಲ್ಲಿ ನೋಡಿದರೆ 38 ಸಾವಿರ! ಫೋನ್ ತೋರಿಸಿದೆ. ಮ್ಯಾನೇಜರ್ ಒಳಗೆ ಹೋಗಿ ಬಂದು 39ಕ್ಕೆ ಇಳಿಸಿದರು. ಹೋಲಿಸುವಾಗ 3 ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ ಇನ್ಶೂರೆನ್ಸ್) ಎರಡರಲ್ಲೂ ಸೇರಿದೆಯಾ ನೋಡಿ, ಹೊಸ ಕಾರಿಗೆ ಅದು ಬೇಕೇ ಬೇಕು.

ಕೊನೆಯಲ್ಲಿ 'ಹ್ಯಾಂಡ್ಲಿಂಗ್ ಚಾರ್ಜ್' ಇದ್ದರೆ ಯಾತಕ್ಕೆ ಎಂದು ಕೇಳಿ, ತೆಗೆಸಿ. ಬೇಡದ ಮ್ಯಾಟು, ಸೀಟ್ ಕವರ್ ಕೂಡ ಅಷ್ಟೇ.

ಅದೇ ಕಂಪನಿಯ ಇನ್ನೊಂದು ಡೀಲರ್ ಹತ್ತಿರವೂ ಬರೆಸಿಕೊಂಡು ಬನ್ನಿ. ತಿಂಗಳ ಕೊನೆಯ ವಾರ ಒಳ್ಳೆಯದು, ಅವರಿಗೂ ಟಾರ್ಗೆಟ್ ಇರುತ್ತದಲ್ವಾ. ಡಿಸೆಂಬರಿನಲ್ಲಿ ರಿಯಾಯಿತಿ ಚೆನ್ನಾಗಿರುತ್ತದೆ. ಆದರೆ ಮುಂದೆ ಮಾರುವಾಗ ತಯಾರಾದ ವರ್ಷವನ್ನೇ ನೋಡುತ್ತಾರೆ, ಜನವರಿ ಬಂದರೆ ಆ ಕಾರು ಹಿಂದಿನ ವರ್ಷದ್ದಾಗಿಬಿಡುತ್ತದೆ, ಹಾಗಾಗಿ ಬೇಗ ಮಾರುವವರು ಯೋಚಿಸಿ.

ಕಾರು 10 ಲಕ್ಷ ದಾಟಿದರೆ 1% ಟಿಸಿಎಸ್ (ಡೀಲರ್ ನಿಮ್ಮಿಂದ ವಸೂಲಿ ಮಾಡಿ ನಿಮ್ಮ ಹೆಸರಿನಲ್ಲಿ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ನಿಮ್ಮದೇ ದುಡ್ಡು, ಐಟಿ ರಿಟರ್ನ್ಸ್ ಹಾಕುವಾಗ ಮರೆಯದೆ ತೋರಿಸಿ.