ಐದು ಮೈಕ್ರೋಲೀಟರ್ ಹನಿ

ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಡೋಪಮೈನ್ ಅಳೆಯುವ ಸಂವೇದಕ ಮಾಡಲು ಹೊರಟಾಗ ನನ್ನ ಗಮನವೆಲ್ಲ ಚಿನ್ನದ ಮೇಲಿತ್ತು. ಕುದಿಯುವ ಕ್ಲೋರೋಆರಿಕ್ ಆಮ್ಲಕ್ಕೆ ಸಿಟ್ರೇಟ್ ಸುರಿದರೆ ನ್ಯಾನೋಕಣಗಳು ಮೂಡಿ ದ್ರಾವಣ ಕೆಂಪಾಗಬೇಕು. ನನ್ನದು ನೇರಳೆಯಾಗಿ, ಸಂಜೆಯ ಹೊತ್ತಿಗೆ ಕಣಗಳೆಲ್ಲ ತಳಕ್ಕಿಳಿದಿದ್ದವು. ಪಾತ್ರೆ ಸರಿಯಾಗಿ ತೊಳೆದಿರಲಿಲ್ಲ, ಅಷ್ಟೇ. ಅಂದಿನಿಂದ ಅಕ್ವಾ ರೀಜಿಯಾದಲ್ಲಿ (ಚಿನ್ನವನ್ನೂ ಕರಗಿಸುವ ಆಮ್ಲ ಮಿಶ್ರಣ) ತೊಳೆಯದ ಗಾಜನ್ನು ಈ ಕೆಲಸಕ್ಕೆ ಮುಟ್ಟಿಲ್ಲ.

ಬರಿಯ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಡೋಪಮೈನ್ ಮತ್ತು ದೇಹದಲ್ಲಿ ಅದರ ಜೊತೆಗೇ ಇರುವ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಉತ್ಕರ್ಷಣಗೊಳ್ಳುತ್ತವೆ; ವಿದ್ಯುತ್ ಪ್ರವಾಹದ ನಕ್ಷೆಯಲ್ಲಿ ಎರಡು ಶಿಖರಗಳ ಬದಲು ಎರಡೂ ಸೇರಿ ಒಂದೇ ದಪ್ಪ ಗುಡ್ಡ. ಅದನ್ನು ಸೀಳಲೆಂದೇ ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ಕೊಳವೆ) ಮತ್ತು ಚಿನ್ನ ಬೆರೆಸಿದ ನ್ಯಾನೋಕಾಂಪೊಸಿಟ್.

3 ಮಿ.ಮೀ. ಎಲೆಕ್ಟ್ರೋಡ್ ಮೇಲೆ ಈ ಮಿಶ್ರಣದ 5 ಮೈಕ್ರೋಲೀಟರ್ ಹನಿ ಇಟ್ಟು ಒಣಗಿಸಿದೆ. ಒಂದೇ ಮಿಶ್ರಣ, ಮೂರು ಎಲೆಕ್ಟ್ರೋಡ್, ಮೂರು ಬೇರೆ ಬೇರೆ ವಿದ್ಯುತ್ ಪ್ರವಾಹ! ಎರಡು ವಾರ ಉಪಕರಣವನ್ನು ಬೈದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಂಚಿನಲ್ಲಿ ಕಪ್ಪು ಬಳೆ, ನಡುವೆ ಖಾಲಿ. ಮೇಜಿನ ಮೇಲೆ ಒಣಗಿದ ಕಾಫಿ ಕಲೆಯ ಹಾಗೆಯೇ. ಹನಿಯ ಅಂಚು ಬೇಗ ಆರುತ್ತದೆ. ಆ ಕೊರತೆ ತುಂಬಲು ಒಳಗಿನ ದ್ರವ ಹೊರಕ್ಕೆ ಹರಿಯುತ್ತ ಕಣಗಳನ್ನೂ ಎಳೆದೊಯ್ಯುತ್ತದೆ. ಮಿಶ್ರಣವನ್ನು ತೆಳುವಾಗಿಸಿ, ಒಮ್ಮೆಗೆ ಎರಡೇ ಮೈಕ್ರೋಲೀಟರಿನಂತೆ ಮೂರು ಸಲ ಹಾಕಿ, ಬೀಕರ್ ಮುಚ್ಚಿ ನಿಧಾನವಾಗಿ ಒಣಗಿಸಿದೆ. ಲೇಪಿಸುವ ಮೊದಲು ಎಲೆಕ್ಟ್ರೋಡನ್ನು 0.05 ಮೈಕ್ರಾನ್ ಅಲ್ಯುಮಿನಾ ಪುಡಿಯಿಂದ ಉಜ್ಜಿ, ಅದು ಶುಚಿಯಾಗಿದೆಯೇ ಎಂದು ಫೆರಿಸಯನೈಡ್ ದ್ರಾವಣದಲ್ಲಿ ಪರೀಕ್ಷಿಸುವ ರೂಢಿ ಮಾಡಿಕೊಂಡೆ. ಅದರ ಉತ್ಕರ್ಷಣ ಮತ್ತು ಅಪಕರ್ಷಣ ಶಿಖರಗಳ ಅಂತರ ಸಿದ್ಧಾಂತದ ಪ್ರಕಾರ 59 ಮಿಲಿವೋಲ್ಟ್. 80 ದಾಟಿದರೆ ಮತ್ತೆ ಉಜ್ಜುವುದೇ.

ಕೊನೆಗೆ ಡೋಪಮೈನ್ ಮತ್ತು ಆಸ್ಕಾರ್ಬಿಕ್ ಆಮ್ಲದ ಶಿಖರಗಳು ಬೇರೆಯಾದವು. ಫಲಿತಾಂಶ ಹಿಡಿದು ಓಡಿದರೆ ನನ್ನ ಮಾರ್ಗದರ್ಶಕಿ ಮೇಡಂ ಕೇಳಿದ್ದು ಒಂದೇ: “ಚಿನ್ನ ಇಲ್ಲದೆ ಅಳೆದಿದ್ದೀಯಾ?”

ಅಳೆದಿರಲಿಲ್ಲ. ಅಳೆದಾಗ ಬರೀ ನ್ಯಾನೋಟ್ಯೂಬ್ ಪದರವೇ ಬಹುಪಾಲು ಕೆಲಸ ಮಾಡುತ್ತಿತ್ತು. ಸ್ಕ್ಯಾನ್ ವೇಗ (ವೋಲ್ಟೇಜ್ ಏರಿಸುವ ವೇಗ) ಬದಲಿಸುತ್ತ, ಅದಕ್ಕೆ ಎದುರಾಗಿ ಶಿಖರದ ಪ್ರವಾಹವನ್ನಿಟ್ಟು ಲಾಗ್–ಲಾಗ್ ನಕ್ಷೆ ಎಳೆದೆ. ಡೋಪಮೈನ್ ಹೊರಗಿನಿಂದ ವಿಸರಣಗೊಂಡು ಬರುತ್ತಿದ್ದರೆ ಇಳಿಜಾರು 0.5 ಇರಬೇಕಿತ್ತು, ನನ್ನದು ಒಂದರ ಹತ್ತಿರ. ಅಂದರೆ ರಂಧ್ರಮಯ ಪದರದೊಳಗೆ ಸಿಕ್ಕಿಬಿದ್ದದ್ದೋ ಅಂಟಿಕೊಂಡದ್ದೋ ಅಲ್ಲೇ ಉತ್ಕರ್ಷಣಗೊಳ್ಳುತ್ತಿದೆ. ನಾನು ಬರೆದಿಟ್ಟಿದ್ದ ‘ಚಿನ್ನದ ವಿದ್ಯುತ್‌ವೇಗವರ್ಧನೆ’ (ಚಿನ್ನವೇ ಕ್ರಿಯೆಯನ್ನು ಚುರುಕುಗೊಳಿಸುತ್ತದೆ) ಎಂಬ ಪ್ಯಾರಾವನ್ನು ಅಂದೇ ಅಳಿಸಿದೆ.

ಎರಡನೆಯ ಸಲ ಮಾಡಿದ ಚಿನ್ನದ ದ್ರಾವಣ ಇನ್ನೂ ಫ್ರಿಜ್‌ನಲ್ಲಿದೆ, ಕೆಂಪಾಗಿಯೇ.